ತೂಕ ಉಂಟು ಎಂದ ಪಕೀರಬ್ಬ

ಪಕೀರಬ್ಬ ಸುಳ್ಳು ಹೇಳುವ ಮನುಷ್ಯನಲ್ಲ. ಆ ಗುರುವಾರ ಸಂಜೆಯೂ ಅವನು ಸುಳ್ಳು ಹೇಳಲಿಲ್ಲ. ಬಾಯಿ ತುಂಬ ಶವರ್ಮಾ ಇದ್ದುದರಿಂದ ತಲೆ ಆಡಿಸಿದ, ಅಷ್ಟೆ. ನ್ಯಾಯವಾಗಿ ನೋಡಿದರೆ ಮುಂದೆ ಆದದ್ದಕ್ಕೆಲ್ಲ ಶವರ್ಮಾವೇ ಹೊಣೆ. ಆದರೆ ಶವರ್ಮಾವನ್ನು ಕರೆಸಿ ವಿಚಾರಿಸುವ ಕ್ರಮ ಕತಾರಿನಲ್ಲಿ ಇಲ್ಲ.

ದೇರಳಕಟ್ಟೆಯ ಈ ಪಕೀರಬ್ಬ ಹಮದ್ ಬಂದರಿನ ಬಳಿ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರದ ಗುಮಾಸ್ತ. ಯಾವ ಕಂಟೇನರು ಯಾವ ಹಡಗು ಹತ್ತಿ ಯಾವ ದಿನ ಎಲ್ಲಿ ಇಳಿಯುತ್ತದೆ ಎಂಬುದು ಅವನಿಗೆ ಬಾಯಿಪಾಠ. ತಾನು ಯಾವ ದಿನ ಊರಲ್ಲಿ ಇಳಿಯುವುದು ಎಂಬುದು ಮಾತ್ರ ಮೂರು ವರ್ಷದಿಂದ ತಿಳಿದಿರಲಿಲ್ಲ. ಮೊದಲ ವರ್ಷ ಜೊತೆಯ ಗುಮಾಸ್ತ ಕೆಲಸ ಬಿಟ್ಟ, ಎರಡನೆಯ ವರ್ಷ ಹೊಸ ಕಂಪ್ಯೂಟರು ಬಂತು, ಈ ವರ್ಷ ರಂಝಾನಿನ ಸರಕು. ಅವನು ಮನೆ ಬಿಟ್ಟಾಗ ಮಗಳು ಫಾಹಿಮಾ ನಲವತ್ತು ದಿನದ ಕೂಸು. ಈಗ ಅವಳು ತಾನೇ ಬಾಗಿಲ ಚಿಲಕ ತೆಗೆಯುತ್ತಾಳಂತೆ, ಫೋನಿನಲ್ಲಿ ಅವನನ್ನು ಉಪ್ಪ, ಅಂದರೆ ಅಪ್ಪ, ಎಂದು ಕರೆಯುತ್ತಾಳೆ. ಪಕೀರಬ್ಬನಿಗೆ ಬೇಕಾದದ್ದು ಒಂದೇ, ಅವಳನ್ನು ಒಮ್ಮೆ ಎತ್ತಿಕೊಳ್ಳುವುದು. ಅದಕ್ಕೆ ಮ್ಯಾನೇಜರ್ ಕೆನೆತ್ ಸಾಹೇಬರ ಸಹಿ ಬೇಕಿತ್ತು.

ಕೆನೆತ್ ಸಾಹೇಬರು ಶಿರ್ವದವರು. ಆಫೀಸಿನಲ್ಲಿ ಆಡುವುದೆಲ್ಲ ಇಂಗ್ಲಿಷು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಊರಿನ ಕನ್ನಡಕ್ಕೆ ಇಳಿಯುತ್ತಿದ್ದರು. ಬುಧವಾರ ಅವರು ರಜೆಯ ಅರ್ಜಿಯ ಮೇಲೆ ಕಣ್ಣಾಡಿಸಿ, "ನೋಡುವಾ" ಎಂದರು. ಕನ್ನಡದಲ್ಲಿ ಹೇಳಿದ್ದರಿಂದ ಅದನ್ನು ಸಿಟ್ಟು ಎಂದು ತಿಳಿಯಬೇಕಿತ್ತು. ಪಕೀರಬ್ಬ ಅದನ್ನು ಪ್ರೀತಿ ಎಂದು ತಿಳಿದ. ಮರುದಿನ ಕೆಲಸ ಬಿಟ್ಟವನೇ ಮುಶೈರಿಬ್ ಮೆಟ್ರೋ ನಿಲ್ದಾಣದ ಪಕ್ಕದ ನೆಲದಡಿಯ ಶಾಪಿಂಗ್ ಮಾಲಿಗೆ ಇಳಿದು, ತಾನೇ ಮಡಚಿಕೊಂಡು ಮಲಗಬಹುದಾದಷ್ಟು ದೊಡ್ಡ ನೀಲಿ ಸೂಟ್‌ಕೇಸ್ ಕೊಂಡ. ಕೊಂಡ ಖುಷಿಗೆ ಅಲ್ಲೇ ಫುಡ್ ಕೋರ್ಟಿನಲ್ಲಿ ಕೂತು ಶವರ್ಮಾ ತರಿಸಿದ.

ಆ ಫುಡ್ ಕೋರ್ಟಿಗೆ ಕಿಟಕಿ ಇಲ್ಲ, ಆಕಾಶ ಇಲ್ಲ. ಮೂರು ಕಡೆಯ ರೈಲು ಅಲ್ಲಿ ಸೇರುವುದರಿಂದ ಎರಡು ನಿಮಿಷಕ್ಕೊಮ್ಮೆ ನೆಲ ಸಣ್ಣಗೆ ನಡುಗಿ, ಜನ ಹೊಳೆಯ ಹಾಗೆ ನುಗ್ಗಿ ಬರುತ್ತಾರೆ. ಅರ್ಧ ಜನ ಊಟಕ್ಕೆ ಬಂದವರು, ಇನ್ನರ್ಧ ಹೊರಗೆ ಹೋಗುವ ದಾರಿ ತಪ್ಪಿ ಬಂದವರು. ಪಕೀರಬ್ಬ ಎರಡನೆಯ ತುತ್ತು ಬಾಯಿಗೆ ಹಾಕಿದಾಗ ಫೋನು ಕುಂಯ್‌ಗುಟ್ಟಿತು. ಕೆನೆತ್ ಸಾಹೇಬರ ಈಮೇಲು, ಇಂಗ್ಲಿಷಿನಲ್ಲಿ ಎರಡು ಸಾಲು. ಈ ತಿಂಗಳು ರಜೆ ಸಾಧ್ಯವಿಲ್ಲ, ದಯವಿಟ್ಟು ಸಹಕರಿಸುವುದು.

ಅವನು ಆ ಸಾಲುಗಳನ್ನು ಮತ್ತೊಮ್ಮೆ ಓದುತ್ತಾ ಇನ್ನೊಂದು ತುತ್ತು ಬಾಯಿಗೆ ತುರುಕಿದ. ಅದೇ ಗಳಿಗೆಗೆ ಸರ್ಫರಾಝ್ ಎದುರಿಗೆ ಬಂದು ನಿಂತ. ಸರ್ಫರಾಝ್ ಎಂದರೆ ಅದೇ ಮಾಲಿನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಉಳ್ಳಾಲದವ. ಕರಾವಳಿಯವರ ಹದಿನೇಳು ವಾಟ್ಸಾಪ್ ಗ್ರೂಪುಗಳಲ್ಲಿ ಒಂಬತ್ತಕ್ಕೆ ಅವನೇ ಅಡ್ಮಿನ್. ಅವನು ಸೂಟ್‌ಕೇಸನ್ನು ನೋಡಿದ, ಪಕೀರಬ್ಬನನ್ನು ನೋಡಿದ, ಮತ್ತೆ ಸೂಟ್‌ಕೇಸನ್ನು ನೋಡಿದ.

"ಊರಿಗಾ ಕಾಕ?"

ಪಕೀರಬ್ಬ ತಲೆ ಆಡಿಸಿದ. ಯಾವಾಗ ಎಂದು ಕೇಳಿದ್ದಕ್ಕೆ ಬರುವ ಗುರುವಾರ ಎಂದ; ಅರ್ಜಿಯಲ್ಲಿ ಬರೆದು ಬರೆದು ಆ ದಿನ ಅವನ ನಾಲಿಗೆಗೆ ಅಂಟಿಕೊಂಡಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದ. ಆದರೆ ಮೂರು ವರ್ಷದಿಂದ ಯಾರೂ ಅವನನ್ನು "ಊರಿಗಾ" ಎಂದು ಕೇಳಿರಲಿಲ್ಲ. ಆ ಮಾತು ಕೇಳಿ ಎದೆ ಒಂದು ಅಂಗುಲ ಉಬ್ಬಿತು. ಸರ್ಫರಾಝ್ ದನಿ ತಗ್ಗಿಸಿ, ವೆಯ್ಟ್ ಏನಾದರೂ ಉಂಟಾ ಎಂದು ಕೇಳಿದಾಗ ಉಬ್ಬಿದ ಎದೆಯೇ ಉತ್ತರ ಕೊಟ್ಟಿತು: "ಬೇಕಾದಷ್ಟು ಉಂಟು ಮಾರಾಯ."

ಕೊಲ್ಲಿಯಿಂದ ಊರಿಗೆ ಹೋಗುವವರಲ್ಲಿ ಎರಡು ಜಾತಿ. ವಿಮಾನದಲ್ಲಿ ಸಿಗುವ ಮೂವತ್ತು ಕಿಲೋದಲ್ಲಿ ಜಾಗ ಉಂಟು ಎನ್ನುವವರು ಒಂದು, ಇಲ್ಲ ಎನ್ನುವವರು ಇನ್ನೊಂದು. ಮೊದಲನೆಯ ಜಾತಿಯವರೆಲ್ಲ ಮೊದಲ ಸಲ ಹೋಗುವವರು. ಎರಡನೆಯ ಸಲಕ್ಕೆ ಅವರೂ ಜಾತಿ ಬದಲಿಸುತ್ತಾರೆ. ಇಲ್ಲಿರುವವರ ಪ್ರೀತಿ, ಹರಕೆ, ಬಾದಾಮಿ, ಹಾಲಿನ ಪುಡಿ ಎಲ್ಲವೂ ಊರಿಗೆ ತಲುಪುವುದು ಇಂಥ ಪಾಪದವರ ಸೂಟ್‌ಕೇಸಿನಲ್ಲಿ. ಅದಕ್ಕೆ ಇಲ್ಲ ಎನ್ನುವುದು ಸಾವಿನ ಮನೆಯಲ್ಲಿ ನಕ್ಕಷ್ಟೇ ದೊಡ್ಡ ತಪ್ಪು.

ಮರುದಿನ ಶುಕ್ರವಾರ, ಅಲ್ ಅಜೀಜಿಯಾದ ತನ್ನ ರೂಮಿನಲ್ಲಿ ಎದ್ದು ಕೂತಾಗ ಪಕೀರಬ್ಬ ಊರಿಗೆಲ್ಲ ಪ್ರಸಿದ್ಧನಾಗಿದ್ದ. ಒಬ್ಬರು ಬರುವ ಗುರುವಾರ ಮಂಗಳೂರಿಗೆ ಹೋಗುತ್ತಾರೆ, ವೆಯ್ಟ್ ಉಂಟು, ಒಳ್ಳೆಯ ಜನ, ಇವತ್ತು ಸಂಜೆ ಐದಕ್ಕೆ ಮುಶೈರಿಬ್ ಫುಡ್ ಕೋರ್ಟಿನಲ್ಲಿ ನೀಲಿ ಸೂಟ್‌ಕೇಸಿನ ಬಳಿ ಸಿಗುತ್ತಾರೆ ಎಂದು ಸರ್ಫರಾಝ್ ಒಂಬತ್ತು ಗ್ರೂಪಿಗೂ ಹಾಕಿದ್ದ. ಊರಲ್ಲಿ ಸಾಮಾನು ತೆಗೆದುಕೊಳ್ಳಲು ಪಕೀರಬ್ಬನ ಮನೆಯ ವಿಳಾಸ, ಹೆಂಡತಿ ಮುನೀರಾಳ ನಂಬರು ಕೂಡ ಕೆಳಗೆ ಇತ್ತು.

ಪಕೀರಬ್ಬ ಫೋನನ್ನು ಮಗುಚಿ ಇಟ್ಟ. ರಜೆ ಸಿಗಲಿಲ್ಲ ಎಂದು ಅವನು ಮುನೀರಾಳಿಗೆ ಇನ್ನೂ ಹೇಳಿರಲಿಲ್ಲ. ಸಂಜೆ ಹೋಗಿ ಎಲ್ಲರಿಗೂ ನಿಜ ಹೇಳಿಬಿಡುವುದು, ಹಾಗೆಯೇ ಸೂಟ್‌ಕೇಸನ್ನು ಅಂಗಡಿಗೆ ವಾಪಸು ಕೊಡುವುದು ಎಂದು ನಿಶ್ಚಯ ಮಾಡಿದ. ಮೆಟ್ರೋದಲ್ಲಿ ದಾರಿಯುದ್ದಕ್ಕೂ "ಕ್ಷಮಿಸಬೇಕು, ರಜೆ ಸಿಗಲಿಲ್ಲ" ಎಂಬ ಮಾತನ್ನು ಗಟ್ಟಿ ಮಾಡಿಕೊಂಡ. ಪಕ್ಕದಲ್ಲಿ ಕೂತಿದ್ದ ಫಿಲಿಪೀನಿ ಹೆಂಗಸು ಅವನ ಗೊಣಗಾಟ ಕೇಳಿ ಬೇರೆ ಸೀಟಿಗೆ ಹೋದಳು.

ಎಸ್ಕಲೇಟರಿನಲ್ಲಿ ಇಳಿಯುತ್ತಿದ್ದವನಿಗೆ ಕಂಡದ್ದು ಮೂರು ಮೇಜು ಸೇರಿಸಿ ಕೂತಿದ್ದ ಇಪ್ಪತ್ತು ಜನ. ಸೂಟ್‌ಕೇಸ್ ಕಂಡ ಕೂಡಲೇ ಎಲ್ಲರೂ ಎದ್ದು ನಿಂತರು. ಅಷ್ಟು ಜನ ತನಗಾಗಿ ಎದ್ದು ನಿಂತದ್ದನ್ನು ಪಕೀರಬ್ಬ ತನ್ನ ಮದುವೆಯಲ್ಲಿಯೂ ನೋಡಿರಲಿಲ್ಲ. ಮೊದಲು ಕೈ ಹಿಡಿದವರು ಪೊಡಿಯಬ್ಬ ಹಾಜಿ, ನಲವತ್ತು ವರ್ಷದಿಂದ ದೋಹಾದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಹಿರಿಯರು. ಅವರು ಅವನನ್ನು ನಡುವೆ ಕೂರಿಸಿ ಮುಂದೆ ‘ಮಂದಿ’ ಎಂಬ ಅರಬರ ಅಡುಗೆಯ ದೊಡ್ಡ ತಟ್ಟೆ ಇಟ್ಟರು. ಅನ್ನದ ಮೇಲೆ ಇಡೀ ಕೋಳಿ.

"ಹಾಜಿಯವರೇ, ಒಂದು ಮಾತು ಉಂಟು" ಎಂದ ಪಕೀರಬ್ಬ.

ಅನ್ನದ ಮುಂದೆ ಕೂತವನು ಮೊದಲು ಉಣ್ಣಬೇಕು, ಮಾತು ಆಮೇಲೆ ಎಂದರು ಹಾಜಿ. ಹಿರಿಯರ ಮಾತು ಮೀರುವುದು ಹೇಗೆ? ಪಕೀರಬ್ಬ ಉಂಡ. ಕೋಳಿಯ ಕಾಲು ಮುಗಿಯುವ ಹೊತ್ತಿಗೆ ಹಾಜಿ ಮೇಜಿನಡಿಯಿಂದ ಹುಲಿಯ ಚಿತ್ರದ ಕಂಬಳಿ ತೆಗೆದು ಸೂಟ್‌ಕೇಸಿನೊಳಗೆ ಇಟ್ಟಾಗಿತ್ತು. ಅವರ ತಂಗಿಗೆ ಚಳಿಯಂತೆ. ದೇರಳಕಟ್ಟೆಯಲ್ಲಿ ಚಳಿ ಎಲ್ಲಿಂದ ಬಂತು ಎಂದು ಕೇಳುವಂತಿರಲಿಲ್ಲ. ಅವರ ಉಪ್ಪು ತಿಂದಾಗಿತ್ತು.

ಅಲ್ಲಿಂದ ಅದೇ ಕ್ರಮ. ಪ್ರತಿಯೊಬ್ಬರೂ ಒಂದು ತಟ್ಟೆ ತಂದಿಡುವುದು, ಪಕೀರಬ್ಬ ಬಾಯಿ ತೆರೆಯುವುದು, ಅದರೊಳಗೆ ತುತ್ತು ಹೋಗುವುದು, ಸೂಟ್‌ಕೇಸಿನೊಳಗೆ ಕಟ್ಟು ಹೋಗುವುದು. ಪೊರೊಟ್ಟದ ಜೊತೆ ನಾಲ್ಕು ಕಿಲೋ ಬಾದಾಮಿ ಬಂತು. ನೂಡಲ್ಸಿನ ಹಿಂದೆ ತಲೆನೋವಿನ ಎಣ್ಣೆಯ ಎರಡು ಡಜನ್ ಬಾಟಲಿ. ಕೊಯಮತ್ತೂರಿನಲ್ಲಿ ತಯಾರಾಗಿ ದೋಹಾಕ್ಕೆ ಮಾರಾಟಕ್ಕೆ ಬಂದಿದ್ದ ಮಿಕ್ಸಿಯೊಂದು ಕರಕ್ ಚಾದ ನೆಪದಲ್ಲಿ ತವರಿಗೆ ಹೊರಟಿತು. ಸರ್ಫರಾಝ್ ಒಂದು ಕೈತಕ್ಕಡಿಗೆ ಪ್ರತಿ ಕಟ್ಟನ್ನೂ ತೂಗುಹಾಕಿ, ಒಟ್ಟು ಇಪ್ಪತ್ತೆರಡು ಕಿಲೋ, ಇಪ್ಪತ್ತಾರು ಎಂದು ಕೂಗುತ್ತಿದ್ದ.

ಅಲ್ ರಯ್ಯಾನಿನಲ್ಲಿ ಶಾಲೆಯ ಟೀಚರ್ ಆಗಿರುವ ಹಸೀನಾ ಬಂದು ಕುನಾಫಾ ಎಂಬ ಸಿಹಿಯ ತಟ್ಟೆ ಇಟ್ಟಳು. ಹಾಲಿನ ಪುಡಿಯ ಡಬ್ಬಗಳನ್ನು ಒಳಗೆ ಜೋಡಿಸುತ್ತಾ, ಎಷ್ಟು ವರ್ಷವಾಯಿತು ಎಂದು ವಿಚಾರಿಸಿದಳು. ಮೂರು ಎಂದ ಪಕೀರಬ್ಬ.

"ಅಲ್ಲಾ, ಮಗು ನಿಮ್ಮ ಗುರುತು ಹಿಡಿದೀತಾ?" ಎಂದಳು ಹಸೀನಾ.

ಪಕೀರಬ್ಬ ಕುನಾಫಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಈಗಲೇ ಹೇಳಿಬಿಡಬೇಕು ಎಂದು ಅವನು ಎದ್ದು ನಿಂತ. ಅವನು ಕೃತಜ್ಞತೆಯ ಭಾಷಣ ಮಾಡುತ್ತಾನೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕೂತುಬಿಟ್ಟ.

ಚಪ್ಪಾಳೆ ಕೇಳಿ ಮಾಲಿನ ಸೆಕ್ಯುರಿಟಿಯವನು ಬಂದ. ನೇಪಾಳದವ, ಹಿಂದಿಯಲ್ಲಿ ಮಾತು. ತೆರೆದ ಸೂಟ್‌ಕೇಸು, ತೂಗುತ್ತಿದ್ದ ತಕ್ಕಡಿ, ಸಾಲುಗಟ್ಟಿದ ಜನರನ್ನು ನೋಡಿ, ಇಲ್ಲಿ ಕಾರ್ಗೋ ಅಂಗಡಿ ನಡೆಸಲು ಯಾರ ಅಪ್ಪಣೆ ಇದೆ, ಲೈಸೆನ್ಸ್ ತೋರಿಸಿ ಎಂದ. ಪಕೀರಬ್ಬನ ಕಣ್ಣೆದುರು ಪೊಲೀಸು, ಠಾಣೆ, ಕಡೆಗೆ ಊರಿಗೆ ಹತ್ತಿಸಿ ಕಳಿಸುವ ವಿಮಾನ ಸಾಲಾಗಿ ಬಂದವು. ಊರಿಗೆ ಹೋಗಲು ಅದೂ ಒಂದು ದಾರಿಯೇ ಎಂದು ಅರೆಕ್ಷಣ ಅನ್ನಿಸಿ, ಆ ಯೋಚನೆಗೆ ತಾನೇ ಬೆದರಿದ. ಹಾಜಿ ಮಾತ್ರ ಸಮಾಧಾನದಿಂದ, ಇದು ವ್ಯಾಪಾರವಲ್ಲ, ಊರಿಗೆ ಹೋಗುವವನಿಗೆ ಊಟ ಹಾಕುತ್ತಿದ್ದೇವೆ ಎಂದು ವಿವರಿಸಿ, ಅವನ ಕೈಗೂ ಒಂದು ತಟ್ಟೆ ಕೊಟ್ಟರು. ಸೆಕ್ಯುರಿಟಿಯವನು ನಿಂತೇ ಉಂಡ. ಹೋಗುವಾಗ ಪಕೀರಬ್ಬನ ಕಿವಿಯ ಬಳಿ ಬಗ್ಗಿ, ನಿಮ್ಮ ವಿಮಾನ ಕಠ್ಮಂಡುವಿನ ಮೇಲಿಂದ ಹೋಗುವುದಾ ಎಂದು ವಿಚಾರಿಸಿದ.

ಉಂಡ ಬಾಯಿಗಳಿಗೆ ಹರಟೆ ಬೇಕಲ್ಲ. ರಂಝಾನಿನ ಸರಕು ಬಂದರಿನಲ್ಲಿ ರಾಶಿ ಬಿದ್ದಿರುವಾಗ ಈ ಪಾಪದವನಿಗೆ ರಜೆ ಹೇಗೆ ಸಿಕ್ಕಿತು ಎಂದು ಹಾಜಿಗೆ ಆಶ್ಚರ್ಯ. ಇಪ್ಪತ್ತು ಜೊತೆ ಕಣ್ಣು ಪಕೀರಬ್ಬನ ಮೇಲೆ ನೆಟ್ಟವು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು ಎಂದು ಅವನಿಗೂ ಗೊತ್ತಿತ್ತು. ಅವನ ಬಾಯಿಂದ ಹೊರಟದ್ದು ಮಾತ್ರ ಬೇರೆ: ನಮ್ಮ ಮ್ಯಾನೇಜರು ದೇವರಂಥ ಮನುಷ್ಯ, ಕೇಳಿದ ಕೂಡಲೇ ಕೊಟ್ಟರು. ಹಾಜಿ ಅಲ್ಲೇ ಕೈಯೆತ್ತಿ ಆ ಮ್ಯಾನೇಜರಿಗೆ ದೀರ್ಘಾಯುಸ್ಸು ಕೊಡುವಂತೆ ದುವಾ ಮಾಡಿದರು. ಇಪ್ಪತ್ತು ಜನ ಆಮೀನ್ ಎಂದರು.

ಆಮೀನಿನ ದನಿ ಅಡಗುವ ಮೊದಲೇ ನೆಲ ನಡುಗಿತು. ರೈಲು ಬಂದು ಜನ ನುಗ್ಗಿದರು. ಅವರ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇಗರ್ಜಿಯ ಶುಕ್ರವಾರದ ಪ್ರಾರ್ಥನೆಯಿಂದ ನೇರ ಬಂದಂತಿದ್ದ ಒಬ್ಬರು, ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು, ನೀಲಿ ಸೂಟ್‌ಕೇಸ್ ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ಹುಡುಕುತ್ತಿದ್ದರು. ಕೆನೆತ್ ಸಾಹೇಬರು.

ಪಕೀರಬ್ಬ ಸೂಟ್‌ಕೇಸಿನ ಹಿಂದೆ ಕುಕ್ಕರಿಸಿದ. ಅವನು ಅಡಗುವಷ್ಟು ಅದು ದೊಡ್ಡದೇ ಆಗಿತ್ತು, ಆದರೆ ಆ ಸಂಜೆಯ ಆರು ಊಟ ಸೇರಿ ಹೊಟ್ಟೆ ಹೊರಗೆ ಉಳಿಯಿತು. ರಜೆಯಿಲ್ಲದೆ ಓಡಿಹೋಗುವವರಿಗೆ ಮತ್ತೆ ಈ ದೇಶದ ಬಾಗಿಲು ತೆರೆಯುವುದಿಲ್ಲ ಎಂದು ಕಂಪನಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು. ಕೆಲಸ ಹೋಯಿತು, ಊರೂ ಹೋಯಿತು ಎಂದುಕೊಂಡ.

"ಪಕೀರಬ್ಬ" ಎಂದರು ಕೆನೆತ್ ಸಾಹೇಬರು.

ಮುಂದಿನದನ್ನು ಹೇಳಲು ಹಾಜಿ ಬಿಡಲಿಲ್ಲ. ಬಂದವರನ್ನು ನಿಲ್ಲಿಸಿ ಮಾತಾಡುವುದು ಅವರ ಮನೆತನದಲ್ಲೇ ಇಲ್ಲ. ಸಾಹೇಬರನ್ನು ಕುರ್ಚಿಗೆ ತಳ್ಳಿ, ಮುಂದೆ ಬಿರಿಯಾನಿ ಇಟ್ಟು, ನೀವು ಇವನಿಗೆ ಪರಿಚಯದವರಾ, ಹಾಗಾದರೆ ಇವನ ಮ್ಯಾನೇಜರನ್ನೂ ನೀವು ಬಲ್ಲಿರಬೇಕು ಎಂದು ಶುರುಮಾಡಿದರು. ಸಾಹೇಬರು ಪಕೀರಬ್ಬನ ಮೇಲಿನ ಕಣ್ಣು ತೆಗೆಯದೆ, ಯಾವ ಮ್ಯಾನೇಜರು ಎಂದರು.

"ಹೆಸರು ನಮಗೆ ಗೊತ್ತಿಲ್ಲ" ಎಂದರು ಹಾಜಿ. "ಆದ್ರೆ ಅಂಥ ಜನ ಈಗ ಸಿಗ್ಲಿಕ್ಕಿಲ್ಲ. ಕೇಳಿದ ಕೂಡ್ಲೇ ರಜೆ ಕೊಟ್ಟಿದ್ದಾರೆ. ಕೊಡದೆ ಮತ್ತೆಂಥ ಮಾಡ್ತಾರೆ ಹೇಳಿ. ಮೂರು ವರ್ಷ ಮಗುವಿನ ಮುಖ ನೋಡದವನ ಅರ್ಜಿಯನ್ನು ಯಾವ ತಾಯಿ ಹೆತ್ತ ಮಗ ತಳ್ಳಿಹಾಕಿಯಾನು?"

ಹಸೀನಾ ಹೌದೌದು ಎಂದಳು. ಆ ಮ್ಯಾನೇಜರ ಹೆಂಡತಿ ಮಕ್ಕಳು ಚೆನ್ನಾಗಿರಲಿ ಎಂದು ಹಿಂದಿನಿಂದ ಯಾರೋ ಸೇರಿಸಿದರು. ಕೆನೆತ್ ಸಾಹೇಬರ ಕಿವಿ ಕೆಂಪಾಯಿತು. ಅವರು ಬಿರಿಯಾನಿಯ ತಟ್ಟೆಯಲ್ಲಿ ಬೆರಳಿನಿಂದ ಒಂದು ಸಣ್ಣ ಹಾದಿ ಕೊರೆಯುತ್ತಾ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹಾಜಿ, ನಿಮ್ಮ ಕಂಪನಿಯಲ್ಲಿ ಹೇಗೆ, ಮೇಲಿನವರು ರಜೆ ಗಿಜೆ ಕೊಡುತ್ತಾರಾ ಎಂದು ಕೇಳಿದರು.

"ಇಲ್ಲ" ಎಂದರು ಸಾಹೇಬರು. "ನನಗೂ ಕೊಡ್ಲಿಲ್ಲ."

ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ತೆಳ್ಳಗಿನ ಕಾಗದದ ನಡುವೆ ಒಂದು ಜೊತೆ ಬಿಳಿ ಶೂ. ತಂಗಿ ಜೂಲಿಯೆಟ್‌ಗೆ ಬರುವ ಗುರುವಾರ ಕಳೆದು ಸಿಗುವ ಸೋಮವಾರ ಮದುವೆ. ತಂದೆ ಇಲ್ಲದ ಮನೆಯಲ್ಲಿ ಅವಳ ಕೈ ಹಿಡಿದು ಇಗರ್ಜಿಯೊಳಗೆ ನಡೆಸಬೇಕಾದವರು ಇವರೇ. ಆದರೆ ಮ್ಯಾನೇಜರ್ ಆದವನು ಸರಕಿನ ಕಾಲದಲ್ಲಿ ಹೋಗುವಂತಿಲ್ಲ ಎಂದು ಮೇಲಿನವರು ಹೇಳಿದ್ದಾರೆ. ಅವಳ ಪಾದ ಸಣ್ಣ, ಊರಲ್ಲಿ ಅಳತೆಗೆ ಸಿಗಲಿಲ್ಲವಂತೆ. ಇಲ್ಲಿ ಏಳನೆಯ ಅಂಗಡಿಯಲ್ಲಿ ಸಿಕ್ಕಿತು. ಕೊರಿಯರಿಗೆ ಕೊಟ್ಟರೆ ಮದುವೆ ಮುಗಿದ ಮೇಲೆ ಸೇರಬಹುದೆಂಬ ಹೆದರಿಕೆ. ಇಗರ್ಜಿಯ ಗ್ರೂಪಿನಲ್ಲಿ ಯಾರೋ ಹಾಕಿದ್ದನ್ನು ನೋಡಿ ಓಡಿ ಬಂದದ್ದು.

"ನನಗೆ ಹೋಗ್ಲಿಕ್ಕೆ ಆಗುದಿಲ್ಲ" ಎಂದರು. "ಇದಾದ್ರೂ ಹೋಗ್ಲಿ."

ಸಾಹೇಬರು ಸಿಟ್ಟಿಲ್ಲದೆ ಕನ್ನಡ ಆಡಿದ್ದನ್ನು ಪಕೀರಬ್ಬ ಕೇಳಿದ್ದು ಅದೇ ಮೊದಲು. ಅವನಿಗೆ ತನ್ನ ಹೆದರಿಕೆ ಮರೆತೇಹೋಗಿ, ಅವರ ಮೇಲೆ ಮರುಕ ಬಂತು. ಆ ಮರುಕದಲ್ಲಿ ಇಡೀ ಸಂಜೆ ಹೊರಬಾರದ ಮಾತು ಹೊರಗೆ ಬರತೊಡಗಿತು. ಸರ್, ನನ್ನ ರಜೆ, ಎಂದು ಶುರುಮಾಡಿದ.

"ಸ್ಯಾಂಕ್ಷನ್ ಆಗಿದೆಯಲ್ಲ" ಎಂದರು ಸಾಹೇಬರು, ತಟ್ಟೆಯಿಂದ ತಲೆ ಎತ್ತದೆ. "ಇಷ್ಟು ಜನ ಹೇಳುವಾಗ ನಾನೊಬ್ಬ ಬೇರೆ ಹೇಳುದು ಹೇಗೆ?"

ಸುತ್ತಲಿನವರಿಗೆ ಇದರ ಒಳಗುಟ್ಟು ತಿಳಿಯಲಿಲ್ಲ. ಸಾಹೇಬರು ಬಗ್ಗಿ ಪಕೀರಬ್ಬನಿಗೆ ಮಾತ್ರ ಕೇಳುವಂತೆ, ಗುರುವಾರ ಹೊರಡಿ, ಶುಕ್ರವಾರವೇ ಪೆಟ್ಟಿಗೆ ಶಿರ್ವಕ್ಕೆ ಮುಟ್ಟಿಸಿ, ಮಂಗಳವಾರ ಡ್ಯೂಟಿಯಲ್ಲಿ ಇರಬೇಕು ಎಂದರು. ಐದು ದಿನ. ಪಕೀರಬ್ಬನಿಗೆ ಅದು ಐದು ವರ್ಷದ ಹಾಗೆ ಕೇಳಿಸಿತು. ಅವನು ಪೆಟ್ಟಿಗೆಯನ್ನು ಮುಚ್ಚಿ ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

ಆಗ ಫೋನು ಬಂತು. ಮುನೀರಾ. ಅವನು ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಕಂಬದ ಮರೆಗೆ ಹೋದ. ಗುರುವಾರ ಬರುವುದಂತೆ ಹೌದಾ ಎಂದಳು ಅವಳು, ಅಕ್ಕಿಯ ಬೆಲೆ ಕೇಳುವ ದನಿಯಲ್ಲಿ. ಯಾರು ಹೇಳಿದ್ದು ಎಂದ ಇವನು.

"ಯಾರು ಹೇಳ್ಲಿಲ್ಲ ಕೇಳಿ. ನೀವೊಬ್ರು ಬಿಟ್ಟು ಎಲ್ಲ ಹೇಳಿದ್ರು. ಬೆಳಿಗ್ಗೆಯಿಂದ ಹದಿನಾಲ್ಕು ಜನ ಬಂದಾಯ್ತು, ಪಕೀರಬ್ಬ ಮುಟ್ಟಿದ್ನಾ, ನಮ್ಮ ಕಂಬಳಿ ಉಂಟಾ, ನಮ್ಮ ಮಿಕ್ಸಿ ಉಂಟಾ ಅಂತ. ಗುರುವಾರ ಅಂದ್ರೆ ಯಾರಿಗೂ ನಂಬಿಕೆ ಇಲ್ಲ, ಒಬ್ರು ಸಾಲಿನಲ್ಲಿ ಜಾಗ ಹಿಡೀಲಿಕ್ಕೆ ಕೊಡೆ ಬೇರೆ ಇಟ್ಟು ಹೋಗಿದ್ದಾರೆ. ನಾನು ಎಂಥ ಹೇಳುದು? ಫಾಹಿಮಾ ಗೇಟಿನಲ್ಲೇ ಕೂತಿದ್ದಾಳೆ. ಬಂದವ್ರಿಗೆಲ್ಲ ಅವಳೇ ಉತ್ತರ ಕೊಡುದು."

ಎಂಥ ಉತ್ತರ ಎಂದು ಕೇಳಿದ ಪಕೀರಬ್ಬ.

"ಉಪ್ಪ ಬರುದಿಲ್ಲ, ಉಪ್ಪ ಫೋನಿನ ಒಳಗೆ ಇರುದು ಅಂತ."

ಅದನ್ನು ಕೇಳಿ ಬಂದವರೆಲ್ಲ ನಕ್ಕರಂತೆ. ತನಗೆ ನಗು ಬರಲಿಲ್ಲ ಎಂದಳು ಮುನೀರಾ. ಪಕೀರಬ್ಬನಿಗೂ ಬರಲಿಲ್ಲ. ಅವನು ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟು, ಕಂಬಕ್ಕೆ ಒರಗಿ, ಎರಡು ರೈಲು ಬಂದು ಹೋಗುವ ತನಕ ನಿಂತಿದ್ದ.

ಮೇಜಿಗೆ ಮರಳಿದವನು ಕೂರಲಿಲ್ಲ. ಪೆಟ್ಟಿಗೆಯನ್ನು ಸೂಟ್‌ಕೇಸಿಗೆ ಹಾಕಲೂ ಇಲ್ಲ. ಸಾಹೇಬರ ಮುಂದೆ, ಬಿರಿಯಾನಿಯ ಪಕ್ಕದಲ್ಲಿ ಇಟ್ಟ.

"ಸರ್, ಐದು ದಿನ ಸಾಕಾಗುದಿಲ್ಲ" ಎಂದ.

ಕಂಪನಿಗೆ ಸೇರಿದಂದಿನಿಂದ ಪಕೀರಬ್ಬ ಸಾಕು ಎಂಬ ಮಾತನ್ನೇ ಆಡಿದವನು. ಊಟ ಸಾಕು, ರೂಮು ಸಾಕು, ಬಂದದ್ದು ಸಾಕು. ಸರ್ಫರಾಝನ ತಕ್ಕಡಿ ಗಾಳಿಯಲ್ಲೇ ನಿಂತಿತು. ಸಾಹೇಬರ ಮುಖಕ್ಕೆ ಇಂಗ್ಲಿಷು ಮೆಲ್ಲಗೆ ಮರಳಿ ಬರುತ್ತಿರುವುದು ಕಾಣುತ್ತಿತ್ತು. ಎಷ್ಟು ಬೇಕು ಎಂದರು. ಒಂದು ತಿಂಗಳು ಎಂದ ಪಕೀರಬ್ಬ. ಸರಕಿನ ಗತಿ ಏನು ಎಂದರು ಸಾಹೇಬರು.

"ಮೊದಲ ದಿನ ಅವಳು ನನ್ನನ್ನು ನೋಡಿ ಅಳ್ತಾಳೆ ಸರ್. ಎರಡನೇ ದಿನ ಬಾಗಿಲ ಹಿಂದೆ ನಿಂತು ನೋಡ್ತಾಳೆ. ಮೂರನೇ ದಿನ ಹತ್ತಿರ ಬರ್ತಾಳೆ. ನಾಲ್ಕನೇ ದಿನ ನಾನು ಸೂಟ್‌ಕೇಸ್ ಕಟ್ಟಬೇಕು. ಆಮೇಲೆ ಅವಳು ಹೇಳುದೇ ಸರಿ ಆಗ್ತದೆ, ಉಪ್ಪ ಫೋನಿನ ಒಳಗೆ ಇರುದು ಅಂತ."

ಹಾಜಿಗೆ ಈಗ ಬೆಳಕಾಯಿತು. ಅವರು ಸಾಹೇಬರನ್ನೂ ಪಕೀರಬ್ಬನನ್ನೂ ಸರದಿಯಂತೆ ನೋಡಿ, ತಾನು ಯಾರ ಮುಂದೆ ಯಾರನ್ನು ಹೊಗಳಿದೆ ಎಂಬುದು ತಿಳಿದು, ಗಡ್ಡ ಸವರಿಕೊಳ್ಳುತ್ತಾ ನೆಲ ನೋಡಿದರು.

ಕೆನೆತ್ ಸಾಹೇಬರು ಪೆಟ್ಟಿಗೆಯ ಮುಚ್ಚಳ ಸರಿಸಿ ಬಿಳಿ ಶೂಗಳನ್ನು ನೋಡಿದರು. ಆಮೇಲೆ ಕೈ ಒರಸಿಕೊಂಡು ಜೇಬಿನಿಂದ ಪೆನ್ನು ತೆಗೆದು, ತಟ್ಟೆಯ ಕೆಳಗಿನ ಕಾಗದವನ್ನು ಹೊರಗೆಳೆದು, ಎಣ್ಣೆ ಬೀಳದ ಮೂಲೆಯಲ್ಲಿ ಒಂದು ತಿಂಗಳು ಎಂದು ಬರೆದು ಸಹಿ ಹಾಕಿದರು. ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅದರ ಮೇಲೆ ಆ ಕಾಗದ ಇಟ್ಟು ಪಕೀರಬ್ಬನ ಕಡೆಗೆ ದೂಡಿದರು.

"ಸೋಮವಾರ ನೀವೂ ಇಗರ್ಜಿಗೆ ಹೋಗಿ ಪಕೀರಬ್ಬ" ಎಂದರು. "ಅವಳು ನಡೆದು ಬರುವಾಗ ಫೋನನ್ನು ಸ್ವಲ್ಪ ಎತ್ತರಕ್ಕೆ ಹಿಡ್ಕೊಳ್ಳಿ. ನಾನು ಅದರ ಒಳಗೆ ಇರ್ತೇನೆ."